ಮನೆಯ ಕಂಪ್ಯೂಟರಿಗೆ ಯಾವ ಆಫೀಸ್ ತಂತ್ರಾಂಶ?



ಮುಂಬಯಿಯ ಭಾಂಡುಪ್‌ನ ಕನ್ನಡ ಮನೆಯೊಂದರ ಕಂಪ್ಯೂಟರಿಗೆ ಕೆಲಸ ಒಂದೆರಡಲ್ಲ. ಪಾಲಿಕೆಯ ಎಸ್ ವಾರ್ಡ್ ಕಚೇರಿಗೆ ಮರಾಠಿಯಲ್ಲಿ ಅರ್ಜಿ, ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಕನ್ನಡದಲ್ಲಿ ಮನವಿಪತ್ರ, ಸೊಸೈಟಿಯ ಮೇಂಟೆನೆನ್ಸ್ ಲೆಕ್ಕ, ಮಗಳ ಶಾಲೆಯ ಇಂಗ್ಲಿಷ್ ಪ್ರಾಜೆಕ್ಟ್. ಎಲ್ಲಕ್ಕೂ ಒಗ್ಗುವ ತಂತ್ರಾಂಶವನ್ನು ಆರಿಸುವುದು ಹೇಗೆ?

ಹಣ ಕೊಟ್ಟು ಪಡೆಯುವ ಮೈಕ್ರೋಸಾಫ್ಟ್ ಆಫೀಸ್ ಎಲ್ಲರಿಗೂ ಗೊತ್ತು. ಉಚಿತವಾಗಿ ಸಿಗುವ ಲಿಬ್ರೆ ಆಫೀಸ್‌ನ ಪರಿಚಯ ಅಷ್ಟಿಲ್ಲ. ಅದರ ಮೂಲ ಜರ್ಮನಿಯ ಸ್ಟಾರ್ ಆಫೀಸ್. 1999ರಲ್ಲಿ ಸನ್ ಕಂಪನಿ ಅದನ್ನು ಕೊಂಡು, ಮರುವರ್ಷ ಅದರ ಸೋರ್ಸ್ ಕೋಡನ್ನು ಎಲ್ಲರಿಗೂ ಮುಕ್ತಗೊಳಿಸಿತು. ಹಾಗೆ ಓಪನ್ ಆಫೀಸ್ ಹುಟ್ಟಿತು. 2010ರಲ್ಲಿ ಅದರಿಂದ ಕವಲೊಡೆದದ್ದೇ ಲಿಬ್ರೆ ಆಫೀಸ್. ಅದರ ಮೆನುಗಳನ್ನು ಕನ್ನಡದಲ್ಲೂ ಇಟ್ಟುಕೊಳ್ಳಬಹುದು.

ಯಾವುದೇ ತಂತ್ರಾಂಶವಿರಲಿ, ಜಾಹೀರಾತು ನೋಡಿ ನಿರ್ಧರಿಸಬೇಡಿ. ನಿಮ್ಮದೇ ಕೆಲಸ ಕೊಟ್ಟು ಪರೀಕ್ಷಿಸಿ.

ಮೊದಲು ಭಾಷೆ. ‘ಸ್ವಾತಂತ್ರ್ಯ’, ‘ಕಾರ್ಯದರ್ಶಿ’ ಎಂದು ಟೈಪ್ ಮಾಡಿ. ಒತ್ತಕ್ಷರಗಳು ಸರಿಯಾಗಿ ಕೂತಿವೆಯೇ, ಅರ್ಕಾವೊತ್ತು ಅದರ ಜಾಗದಲ್ಲೇ ಬಂದಿದೆಯೇ ಗಮನಿಸಿ. ಕೆಳಗೊಂದು ಮರಾಠಿ ಸಾಲು ಸೇರಿಸಿ, ಪಿಡಿಎಫ್ ಮಾಡಿ ಮೊಬೈಲಿನಲ್ಲಿ ತೆರೆಯಿರಿ. ಎರಡು ಲಿಪಿಗಳೂ ಅಲ್ಲಿ ಹಾಗೆಯೇ ಕಾಣಬೇಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿಟ್ಟ ಕಡತಗಳು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ಅದು ಆಫೀಸ್ ತಂತ್ರಾಂಶದ ದೋಷವಲ್ಲ. ಅವನ್ನು ಒಮ್ಮೆ ಯೂನಿಕೋಡಿಗೆ ಪರಿವರ್ತಿಸಿಕೊಂಡರೆ ಎಲ್ಲಿ ಬೇಕಾದರೂ ಓದಬಹುದು.

ಎರಡನೆಯದು ಲೆಕ್ಕ. ಒಂದೂಕಾಲು ಲಕ್ಷ ಎಂಬುದು 1,25,000 ಎಂದೇ ಕಾಣುತ್ತದೆಯೇ? 5/6 ಎಂದು ಬರೆದರೆ ಜೂನ್ 5 ಎಂದು ಓದಿಕೊಳ್ಳುತ್ತದೆಯೇ, ಮೇ 6 ಎಂದೇ? 1,25,000, ಜೂನ್ 5 ಎಂದು ಬರದಿದ್ದರೆ ಸೆಟ್ಟಿಂಗ್‌ನಲ್ಲಿ ದೇಶವನ್ನು ಭಾರತ ಎಂದು ಆರಿಸಿ, ಇನ್ನೊಮ್ಮೆ ನೋಡಿ.

ಮೂರನೆಯದು ಬೇರೆಯವರ ಕಡತ. ಶಾಲೆಯಿಂದ ಬಂದ ವರ್ಡ್ ಕಡತವನ್ನು ತೆರೆದು, ತಿದ್ದಿ, ಉಳಿಸಿ, ವಾಪಸ್ ಕಳಿಸಿ. ಕೋಷ್ಟಕ, ಪುಟಗಳ ಜೋಡಣೆ ಶಾಲೆಯ ಕಂಪ್ಯೂಟರಿನಲ್ಲೂ ಕೆಡದಿದ್ದರೆ ಪರೀಕ್ಷೆ ಪಾಸು. ಮ್ಯಾಕ್ರೋ, ಅಂದರೆ ತಾನಾಗಿ ನಡೆಯುವ ಆದೇಶಗಳು, ತುಂಬಿದ ಎಕ್ಸೆಲ್ ಕಡತಗಳು ಮಾತ್ರ ಲಿಬ್ರೆ ಆಫೀಸ್‌ನಲ್ಲಿ ತೊಡಕು ಕೊಡಬಹುದು.

ಅಂಥ ಕಡತಗಳೊಂದಿಗೆ ದಿನವೂ ಕೆಲಸ ಮಾಡುವವರು ಹಣ ಕೊಟ್ಟು ಮೈಕ್ರೋಸಾಫ್ಟ್ ಆಫೀಸನ್ನೇ ಪಡೆಯುವುದು ಒಳ್ಳೆಯದು. ಪತ್ರ, ಮನೆಲೆಕ್ಕ, ಮಕ್ಕಳ ಶಾಲಾಕೆಲಸ ಇಷ್ಟೇ ಆದರೆ ಲಿಬ್ರೆ ಆಫೀಸ್ ಧಾರಾಳವಾಗಿ ಸಾಕು. ಅದು ಬಳಸುವ ಓಡಿಎಫ್ ಎಂಬ ಕಡತ ಮಾದರಿ 2006ರಲ್ಲೇ ಐಎಸ್‌ಓ ಮಾನ್ಯತೆ ಪಡೆದ ಮುಕ್ತ ಮಾದರಿ. ಅದು ಯಾವ ಒಂದು ಕಂಪನಿಯ ಸ್ವತ್ತೂ ಅಲ್ಲ.

ಯಾರೋ ಪೆನ್‌ಡ್ರೈವ್‌ನಲ್ಲಿ ತಂದುಕೊಡುವ ಮೈಕ್ರೋಸಾಫ್ಟ್ ಆಫೀಸಿನ ಕದ್ದ ಪ್ರತಿಯನ್ನು ಮಾತ್ರ ಹಾಕಿಸಿಕೊಳ್ಳಬೇಡಿ. ಅದರ ಜೊತೆ ವೈರಸ್ಸೂ ಬರಬಹುದು. ಲಿಬ್ರೆ ಆಫೀಸ್ ಸರಿಯಾದ ದಾರಿಯಲ್ಲೇ ಉಚಿತವಾಗಿ ಸಿಗುವಾಗ ಆ ಅಪಾಯವೇಕೆ? ಈ ವಾರವೇ ನಿಮ್ಮ ಮೂರು ಕಡತಗಳನ್ನು ಆರಿಸಿಕೊಂಡು ಪರೀಕ್ಷೆ ಮಾಡಿ ನೋಡಿ.