ಸಿಮೆಂಟ್ ಶೀಟು ಮತ್ತು ಕಲ್ನಾರಿನ ಧೂಳು
(ಸಂಘದ ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ನಾವೆಲ್ಲ ಸಿಮೆಂಟ್ ಶೀಟು ಅಂತ ಕರೆಯುವುದರಲ್ಲಿ ಬರೀ ಸಿಮೆಂಟ್ ಇರುವುದಿಲ್ಲ. ಅದಕ್ಕೆ ಬಿಗಿ ಕೊಡುವುದು ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಹೆಸರೇ ಹೇಳುವಂತೆ ಕಲ್ಲಿನೊಳಗಿನ ನಾರು. ಹತ್ತಿಯಂತೆ ನೂಲು ತೆಗೆಯಬಹುದು, ಬೆಂಕಿಗೆ ಸುಡುವುದಿಲ್ಲ, ನೀರಿಗೆ ಕೊಳೆಯುವುದಿಲ್ಲ. 1900ರ ಸುಮಾರಿಗೆ ಆಸ್ಟ್ರಿಯಾದ ಲುಡ್ವಿಗ್ ಹಾಟ್ಶೆಕ್ ಎಂಬಾತ ಇದನ್ನು ಸಿಮೆಂಟಿನೊಡನೆ ಬೆರೆಸಿ ತೆಳು ಹಲಗೆ ಮಾಡಿದ ಮೇಲೆ ಜಗತ್ತಿನಲ್ಲೆಲ್ಲ ಛಾವಣಿಗೂ ಇದೇ, ನೀರಿನ ಕೊಳವೆಗೂ ಇದೇ. ಹಡಗು, ಮೋಟಾರಿನ ಬ್ರೇಕು ಯಾವುದನ್ನೂ ಬಿಡಲಿಲ್ಲ. ಗರಿ, ಹುಲ್ಲು ಹೊದಿಸಿದ ಮನೆಗಳಿಗೆ ಬೆಂಕಿಯ ಭಯ ತಪ್ಪಿದ್ದೂ, ನಮ್ಮ ಗೊಬ್ಬರದ ಗೋದಾಮು ಕಡಿಮೆ ಖರ್ಚಿನಲ್ಲಿ ಎದ್ದದ್ದೂ ಇದರಿಂದಲೇ. ಆ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೆ ಈ ನಾರು ಸೀಳಿದಷ್ಟೂ ಸಣ್ಣದಾಗುತ್ತದೆ. ಕಣ್ಣಿಗೆ ಕಾಣದಂತೆ ಗಾಳಿಯಲ್ಲಿ ತೇಲಿ, ಉಸಿರಿನ ಜೊತೆ ಶ್ವಾಸಕೋಶದ ತಳಕ್ಕೆ ಇಳಿದು ಅಲ್ಲೇ ನಾಟಿಕೊಳ್ಳುತ್ತದೆ. ಶ್ವಾಸಕೋಶ ಗಡುಸಾಗಿ ನಾಲ್ಕು ಹೆಜ್ಜೆಗೇ ಏದುಸಿರು ಬರುವ ಆಸ್ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್, ಎದೆಯ ಒಳಪೊರೆಗೆ ಬರುವ ಮೀಸೋಥೀಲಿಯೋಮ ಎಂಬ ಇನ್ನೊಂದು ಕ್ಯಾನ್ಸರ್, ಇವೆಲ್ಲ ಇದರ ಕೊಡುಗೆ. ಬೀಡಿ ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹಲವು ಪಟ್ಟು ಹೆಚ್ಚು. ಬಿಳಿ ಕಲ್ನಾರಿಗೆ ಭಯವಿಲ್ಲ ಅಂತ ಮಾರುವವರು ಹೇಳುವುದುಂಟು. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಮೋಸ ಎಲ್ಲಿದೆ ಅಂದರೆ, ಧೂಳು ಕುಡಿದ ದಿನ ಏನೂ ಆಗುವುದಿಲ್ಲ. 20, 30, 40 ವರ್ಷ ಬಿಟ್ಟು ಕಾಯಿಲೆ ಕಾಣಿಸುತ್ತದೆ. ನಮ್ಮ ಸಂಘ ಶುರುವಾದ ವರ್ಷ ಒಳಹೊಕ್ಕ ನಾರು ಈಗ ತಲೆಯೆತ್ತಬಹುದು, ಅಷ್ಟು ನಿಧಾನ. ಅಷ್ಟರಲ್ಲಿ ಕೆಲಸದವನು ಕಾರ್ಖಾನೆ ಬಿಟ್ಟು ಊರು ಸೇರಿರುತ್ತಾನೆ. 1995ರಲ್ಲಿ ನಮ್ಮ ಸುಪ್ರೀಂ ಕೋರ್ಟು ಈ ಕಾರ್ಮಿಕರ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ಕಡೇಪಕ್ಷ 40 ವರ್ಷ ಕಾದಿಡಬೇಕು ಎಂದದ್ದು ಇದಕ್ಕೇ.

ಗೊತ್ತಿರಲಿಲ್ಲ ಅನ್ನುವಂತಿಲ್ಲ. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಕಲ್ನಾರಿನ ನೂಲು ತೆಗೆಯುತ್ತಿದ್ದ ನೆಲ್ಲಿ ಕರ್ಶಾ ಎಂಬ ಹೆಂಗಸು 1924ರಲ್ಲಿ, 33ನೇ ವಯಸ್ಸಿಗೇ ತೀರಿಕೊಂಡಾಗ ವೈದ್ಯರು ಕಾರಣ ಬರೆದಿಟ್ಟಿದ್ದರು. ಬ್ರಿಟನ್ ಪೂರ್ತಿ ನಿಷೇಧಿಸಿದ್ದು 1999ರಲ್ಲಿ! ಕೆನಡಾದಲ್ಲಿ ಆಸ್ಬೆಸ್ಟಾಸ್ ಅಂತಲೇ ಹೆಸರಿದ್ದ ಗಣಿಯ ಊರಿತ್ತು. ತಮ್ಮಲ್ಲಿ ಬಳಕೆ ತಗ್ಗಿಸಿದ ಮೇಲೂ ನಮ್ಮಂಥ ದೇಶಗಳಿಗೆ ವರ್ಷಗಟ್ಟಲೆ ಮಾರಿದರು. 2018ರಲ್ಲಿ ನಿಷೇಧಿಸಿದರು, 2020ರಲ್ಲಿ ಊರಿನ ಹೆಸರನ್ನೇ ಬದಲಾಯಿಸಿಕೊಂಡರು. 50ಕ್ಕೂ ಹೆಚ್ಚು ದೇಶಗಳು ಇದನ್ನು ಬಿಟ್ಟಿವೆ. ನಮ್ಮಲ್ಲಿ ಹೊಸ ಗಣಿ ಗುತ್ತಿಗೆ ಕೊಡುವುದು 1986ರಲ್ಲೇ ನಿಂತಿತು. ಆದರೂ ರಷ್ಯಾ, ಬ್ರೆಜಿಲ್, ಕಜಕಸ್ತಾನಗಳಿಂದ ತರಿಸಿ ಶೀಟು ಮಾಡುವುದು ನಡೆದೇ ಇದೆ. ನಮ್ಮ ಗಣಿಯದು ಬೇಡ, ಬೇರೆಯವರ ಗಣಿಯದು ಬೇಕು. ಇದು ಯಾವ ನ್ಯಾಯವೋ ನಾವು ಕಾಣೆವು.

ಹಾಗಂತ ಹೆದರಿ ನಾಳೆಯೇ ಶೀಟು ಕಿತ್ತೆಸೆಯಬೇಡಿ. ಕೀಳುವಾಗಲೇ ಧೂಳು ಜಾಸ್ತಿ. ಗಟ್ಟಿಯಾಗಿರುವ ಶೀಟಿನಲ್ಲಿ ನಾರು ಸಿಮೆಂಟಿನೊಳಗೆ ಸಿಕ್ಕಿಕೊಂಡಿರುತ್ತದೆ. ಕೊಯ್ಯುವಾಗ, ತೂತು ಕೊರೆಯುವಾಗ, ಪಾಚಿ ಉಜ್ಜುವಾಗ ಏಳುವ ಧೂಳೇ ವಿಷ. ಮುಟ್ಟಲೇಬೇಕಾದರೆ ನೀರು ಹಾಕಿ ನೆನೆಸಿ, ಮಕ್ಕಳನ್ನು ದೂರ ಕಳಿಸಿ. ಬಿದ್ದ ಪುಡಿಯನ್ನು ಒಣಪೊರಕೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ತೆಗೆಯಿರಿ. ಮೂಗಿಗೆ ಟವೆಲು ಸುತ್ತಿಕೊಂಡರೆ ಸಾಲದು, ಈ ನಾರು ಅದರಲ್ಲಿ ಸಲೀಸಾಗಿ ನುಗ್ಗುತ್ತದೆ. ತಾಯಂದಿರು ಗಮನಿಸಬೇಕು: ಕೆಲಸದ ಬಟ್ಟೆ ಒದರಿ ಒಗೆದ ಹೆಂಡಂದಿರಿಗೂ ಬೇರೆ ದೇಶಗಳಲ್ಲಿ ಈ ಕಾಯಿಲೆ ಬಂದಿದೆ. ಒಡೆದ ಚೂರನ್ನು ರಸ್ತೆ ಗುಂಡಿಗೆ ತುಂಬಬೇಡಿ, ಗಾಡಿ ಚಕ್ರ ಪುಡಿ ಮಾಡುತ್ತದೆ.

ಗೋದಾಮಿನ ಹಿಂದೆ ಪೇರಿಸಿಟ್ಟಿರುವ ಹಳೇ ಶೀಟುಗಳನ್ನು ಬಚ್ಚಲಿಗೆ, ಕೊಟ್ಟಿಗೆಗೆ ಅಂತ ಯಾರೂ ಕೇಳಬೇಡಿ, ಕೊಡುವುದಿಲ್ಲ. ಹೊಸ ಗೋದಾಮಿಗೆ ಯಾವ ಛಾವಣಿ ಎಂಬ ವಿಷಯ ಮುಂದಿನ ಮಹಾಸಭೆಗೆ ಬರಲಿದೆ. ಜಿಂಕ್ ಶೀಟು, ಮಂಗಳೂರು ಹೆಂಚು ಎರಡಕ್ಕೂ ದರಪಟ್ಟಿ ತರಿಸಿ ಕಚೇರಿಯಲ್ಲಿಟ್ಟಿದ್ದೇವೆ. ದರ ಸ್ವಲ್ಪ ಹೆಚ್ಚೇ ಇದೆ. ನೋಡಿಕೊಂಡು ಸಭೆಗೆ ಬನ್ನಿ.