ಸೈಬೀರಿಯಾದ ಹೆಪ್ಪುನೆಲ, ಶಿಡ್ಲಘಟ್ಟದ ಹುಳುಮನೆ



ಈ ವಿಜ್ಞಾನ ಪ್ರದರ್ಶನದಲ್ಲಿ ಗೌರಿಬಿದನೂರಿನ ಹುಡುಗಿಯರು ಥರ್ಮೋಕೋಲಿನಲ್ಲಿ ಸೈಬೀರಿಯಾದ ಹೆಪ್ಪುನೆಲ ಮಾಡಿಟ್ಟಿದ್ದಾರೆ. ಅಲ್ಲಿನ ಕೋಲಿಮಾ ಪ್ರದೇಶದಲ್ಲಿ 20ರಿಂದ 30 ಸಾವಿರ ವರ್ಷ ಹೆಪ್ಪುಗಟ್ಟಿದ್ದ ಮಣ್ಣಿನಲ್ಲಿ ಸಿಕ್ಕ ಬ್ಯಾಕ್ಟೀರಿಯಾ ಸೈಕ್ರೋಬ್ಯಾಕ್ಟರ್ ಆರ್ಕ್ಟಿಕಸ್. ಸೊನ್ನೆಗಿಂತ 10 ಡಿಗ್ರಿ ಕೆಳಗೂ ಬೆಳೆಯುತ್ತದೆ. ಅದರ ಸುಮಾರು 26.5 ಲಕ್ಷ ಡಿಎನ್‌ಎ ಅಕ್ಷರಗಳನ್ನು ಓದಿದ ವಿವರ 2010ರಲ್ಲಿ ಪ್ರಕಟವಾಯಿತು. ಚಳಿಗೆ ಸೆಟೆದುಕೊಳ್ಳದೆ ಬಳುಕುವ ಪ್ರೋಟೀನುಗಳನ್ನು ಅದು ಕಟ್ಟಿಕೊಳ್ಳುತ್ತದೆ ಎಂಬ ಸುಳಿವು ಆ ಓದಿನಲ್ಲಿತ್ತು.

‘ನಮಗೇನಪ್ಪ ಅದರಿಂದ?’ ಎಂದು ಹಿಂದಿನ ಸಾಲಿನ ಯಜಮಾನರೊಬ್ಬರು ಗೊಣಗಿದ್ದು ಇಲ್ಲಿಗೂ ಕೇಳಿಸಿತು. ನ್ಯಾಯವಾದ ಪ್ರಶ್ನೆ. ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಪೊರೆ ಕಳಚಿ, ಇನ್ನೇನು ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು ಅನ್ನುವಾಗ ಹುಳು ಸೊಪ್ಪು ಬಿಟ್ಟರೆ ಸಾಲದ ಲೆಕ್ಕ ನೆನಪಾಗುತ್ತದೆ, ಸೈಬೀರಿಯಾ ಅಲ್ಲ.

ಆದರೆ ಬ್ಯಾಕ್ಟೀರಿಯಾದ ಡಿಎನ್‌ಎ ಓದುವುದಕ್ಕೂ ನಿಮ್ಮ ಹುಳುವಿಗೂ ನಂಟಿದೆ. 1901ರಲ್ಲಿ ಜಪಾನಿನ ವಿಜ್ಞಾನಿ ಇಶಿವಾತಾ, ಇದ್ದಕ್ಕಿದ್ದಂತೆ ಕುಸಿದು ಸಾಯುತ್ತಿದ್ದ ರೇಷ್ಮೆಹುಳುಗಳಿಂದ ಒಂದು ಬ್ಯಾಕ್ಟೀರಿಯಾ ಹೊರತೆಗೆದರು. ಹತ್ತು ವರ್ಷದ ಮೇಲೆ ಜರ್ಮನಿಯ ಬರ್ಲಿನರ್ ಅದೇ ಜಾತಿಯದನ್ನು ಹಿಟ್ಟಿನ ಪತಂಗದ ಮರಿಯಲ್ಲಿ ಕಂಡರು. ಮುಂದೆ ಅದಕ್ಕೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬ ಹೆಸರಾಯಿತು. ನಮ್ಮ ಬಾಯಲ್ಲಿ ಬಿಟಿ. ಹತ್ತಿಗೆ ಸೇರಿಸಿದ ಜೀನ್ ಇದರದ್ದೇ.

ಅನ್ನದಲ್ಲಿ ಬೆಳೆದು ವಾಂತಿ ಮಾಡಿಸುವ ಬ್ಯಾಸಿಲಸ್ ಸೀರಿಯಸ್, ಕುರಿ ದನ ಕೊಲ್ಲುವ ಆಂಥ್ರಾಕ್ಸ್ ಬ್ಯಾಕ್ಟೀರಿಯಾ, ಈ ಬಿಟಿ, ಮೂರೂ ಒಡಹುಟ್ಟಿದವು. ಸೂಕ್ಷ್ಮದರ್ಶಕದಲ್ಲಿ ಮೂರೂ ಕಡ್ಡಿಗಳೇ. ಜೀನೋಮು, ಅಂದರೆ ಪೂರ್ತಿ ಡಿಎನ್‌ಎ, ಓದಿದರೆ ಗುಟ್ಟು ಬಯಲು: ಬಿಟಿ, ಆಂಥ್ರಾಕ್ಸ್ ಎರಡರ ವಿಷದ ಜೀನ್‌ಗಳೂ ಹೆಚ್ಚಾಗಿ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರಗಳಲ್ಲಿವೆ. ಉಂಗುರ ಕಳೆದುಕೊಂಡ ಬಿಟಿಯನ್ನು ಸೀರಿಯಸ್‌ನಿಂದ ಬೇರೆ ಎಂದು ಗುರುತಿಸುವುದೇ ಕಷ್ಟ.

ಬಿಟಿಯ ವಿಷದ ಹರಳು ಕ್ಷಾರದಲ್ಲಿ ಕರಗಿ ಕರುಳು ಕೆಡಿಸುತ್ತದೆ. ರೇಷ್ಮೆಹುಳುವಿನ ಕರುಳು ಭಾರಿ ಕ್ಷಾರ; ನಮ್ಮ ಹೊಟ್ಟೆ ಆಮ್ಲ, ನಾವು ಬಚಾವು. ಕಾಯಿಕೊರಕಕ್ಕೂ ರೇಷ್ಮೆಹುಳುವಿಗೂ ಅದು ಭೇದ ಎಣಿಸದು. ಚಿಂತಾಮಣಿ ಕಡೆ ಟೊಮೆಟೊ, ಕೋಸಿಗೆ ಬಿಟಿ ಹೊಡೆಯುವವರು ದಯವಿಟ್ಟು ಪಕ್ಕದ ಹಿಪ್ಪುನೇರಳೆ ತೋಟದವರಿಗೆ ಮೊದಲೇ ತಿಳಿಸಿ. ಹುಳು ಸೊಪ್ಪು ಬಿಟ್ಟು ಸಾಯುವ ಸಪ್ಪೆರೋಗಕ್ಕೆಲ್ಲ ಬಿಟಿಯೇ ಕಾರಣ ಎನ್ನುತ್ತಿಲ್ಲ. ವೈರಸ್ಸುಗಳಿವೆ, ಬೇರೆ ಬ್ಯಾಕ್ಟೀರಿಯಾಗಳಿವೆ, ಸೆಕೆಯಿದೆ, ಒದ್ದೆ ಸೊಪ್ಪಿದೆ. ಕೊಂದವರು ಯಾರೆಂದು ಪ್ರತಿ ಸಲವೂ ಊಹಿಸುತ್ತ ಕೂರುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಡಿಎನ್‌ಎ ಓದುವ ಯಂತ್ರ ಈಗ ಅಂಗೈಯಲ್ಲಿ ಹಿಡಿಸುತ್ತದೆ.

ಹೆಪ್ಪುನೆಲದ ಹುಡುಗಿಯರೇ, ಮುಂದಿನ ವರ್ಷದ ಮಳಿಗೆಗೆ ಶಿಡ್ಲಘಟ್ಟದ ಹುಳುಮನೆ ಆಯ್ದುಕೊಳ್ಳಿ. ಸತ್ತ ಹುಳು ಕೊಡಲು ಬೆಳೆಗಾರರು ಕಾಸು ಕೇಳುವುದಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ಈ ವಿಜ್ಞಾನ ಪ್ರದರ್ಶನ ಉದ್ಘಾಟನೆಯಾಗಿದೆ. ಒಳಗೆ ಬನ್ನಿ, ಯಜಮಾನರೇ, ನೀವೂ ಬನ್ನಿ.