ಮುಯ್ಯಾಳುಗಳಲ್ಲಿ ಒಬ್ಬರು ಆರೋಗ್ಯದ ನಿಯಮ ಮೀರಿದಾಗ



2020ರ ಮಾರ್ಚ್ 25ರಿಂದ ದೇಶವೆಲ್ಲ ಲಾಕ್‌ಡೌನ್ ಆದಾಗಲೂ ಬೇಸಾಯದ ಕೆಲಸಗಳಿಗೆ ವಿನಾಯಿತಿ ದೊರೆಯಿತು. ಮಳೆಯಾಗಲಿ, ಸಸಿಮಡಿಯಾಗಲಿ ಯಾರಿಗೂ ಕಾಯುವುದಿಲ್ಲ. 2021ರ ಎರಡನೆಯ ಅಲೆಯಲ್ಲಿ ಕೊರೋನ ಹಳ್ಳಿಗಳಿಗೂ ಹಬ್ಬಿತು. ಕೂಡಿ ದುಡಿಯುವವರಲ್ಲಿ ಒಬ್ಬರು ಆರೋಗ್ಯದ ನಿಯಮ ಪಾಲಿಸದಿದ್ದರೆ ಏನು ಮಾಡಬೇಕೆಂಬ ಪ್ರಶ್ನೆ ಆಗ ಎದ್ದಿತು. ಕಾರ್ಖಾನೆಯಲ್ಲಾದರೆ ಮೇಲಧಿಕಾರಿಗೆ ತಿಳಿಸಬಹುದು. ಮುಯ್ಯಾಳು ಪದ್ಧತಿಯಲ್ಲಿ ಎಲ್ಲರೂ ಸಮಾನರು. ಇಂದು ಗದ್ದೆಗೆ ಬಂದವರ ಗದ್ದೆಗೆ ನಾಳೆ ಹೋಗಲೇಬೇಕು. ಮನಸ್ಸು ಮುರಿದರೆ ನಾಟಿ ನಿಲ್ಲುತ್ತದೆ. ಸುಮ್ಮನಿದ್ದರೆ ಮನೆಯ ಹಿರಿಯರಿಗೆ ರೋಗ ತಗಲಬಹುದು.

ಮೊದಲು ರೋಗ ಹರಡುವ ಬಗೆಯನ್ನು ತಿಳಿದಿರಬೇಕು. ಸೋಂಕಿತರು ಕೆಮ್ಮಿದಾಗ, ಮಾತನಾಡಿದಾಗ, ಉಸಿರಾಡಿದಾಗ ಹೊರಬೀಳುವ ಸೂಕ್ಷ್ಮ ಹನಿಗಳಿಂದ ಕೊರೋನ ಹರಡುತ್ತದೆ. ಜ್ವರ ಕಾಣಿಸಿಕೊಳ್ಳುವ ಒಂದೆರಡು ದಿನ ಮುಂಚೆಯೇ ಅದು ಇತರರಿಗೆ ಅಂಟಬಲ್ಲದು. ಆದುದರಿಂದ "ನನಗೇನೂ ಆಗಿಲ್ಲ" ಎಂಬ ಮಾತನ್ನು ನಂಬಿ ಕೂರಲಾಗದು. ಗಾಳಿಯಾಡುವ ಬಯಲಿನಲ್ಲಿ ಅಪಾಯ ಕಡಿಮೆ. ಆಳುಗಳನ್ನು ತುಂಬಿದ ವಾಹನ, ಅಡಿಕೆ ಸುಲಿಯುವ ಕೋಣೆ, ಒತ್ತಾಗಿ ಕುಳಿತು ಉಣ್ಣುವ ಜಾಗ, ಇಲ್ಲಿ ಅಪಾಯ ಹೆಚ್ಚು.

ನಿಯಮ ಮೀರುವವರೆಲ್ಲ ಹಟಮಾರಿಗಳಲ್ಲ. ಕೆಲವರಿಗೆ ಕೂಲಿ ತಪ್ಪುವ ಚಿಂತೆ. ಕೆಲವರಿಗೆ ಊರವರು ದೂರವಿಟ್ಟಾರೆಂಬ ಅಂಜಿಕೆ. ಬೆವರಿನಲ್ಲಿ ನೆನೆದ ಮಾಸ್ಕ್ ಉಸಿರು ಕಟ್ಟಿಸುವುದೂ ನಿಜ. ಕಾರಣವನ್ನರಿತು ಈ ಕೆಳಗಿನ ಕ್ರಮಗಳನ್ನು ಅನುಸರಿಸುವುದು ಒಳ್ಳೆಯದು:

1. ನಾಟಿಗೆ ಮೊದಲೇ ಎಲ್ಲರೂ ಕುಳಿತು ನಿಯಮಗಳನ್ನು ಗೊತ್ತುಮಾಡಿಕೊಳ್ಳಬೇಕು. ಜ್ವರ, ಕೆಮ್ಮು ಇದ್ದವರು ಮನೆಯಲ್ಲೇ ಉಳಿಯಲಿ. ಅವರ ಮುಯ್ಯಿಯನ್ನು ಗುಣವಾದ ಮೇಲೆ ತೀರಿಸಲಿ. ಕೂಲಿಯವರಾದರೆ ಸ್ವಲ್ಪ ಮುಂಗಡ ಕೊಡುವುದು ಲೇಸು. ಅನ್ನಕ್ಕೆ ಕುತ್ತು ಬಾರದಿದ್ದರೆ ಯಾರೂ ಜ್ವರ ಮುಚ್ಚಿಡರು.

2. ಬಯಲಿನಲ್ಲಿ ದೂರ ದೂರ ನಿಂತು ದುಡಿಯುವಾಗ ಮಾಸ್ಕಿಗಾಗಿ ಜಗಳ ಬೇಡ. ವಾಹನದಲ್ಲಿ, ಕೋಣೆಯಲ್ಲಿ ಮಾತ್ರ ಸಡಿಲಿಸಬಾರದು.

3. ತಪ್ಪನ್ನು ನಾಲ್ವರ ಮುಂದೆ ಎತ್ತಿ ಆಡಬಾರದು. ಒಬ್ಬರೇ ಇರುವಾಗ, "ಅಣ್ಣ, ಮನೆಯಲ್ಲಿ ಅವ್ವನಿಗೆ ಉಬ್ಬಸ, ನೀನು ಸ್ವಲ್ಪ ಸಹಕರಿಸಬೇಕು" ಎಂದರೆ ಮಾತು ನಾಟುತ್ತದೆ.

4. ಆದರೂ ಕೇಳದವರಿಗೆ ಬದು ಸವರುವ, ನೀರು ಕಟ್ಟುವ ಕೆಲಸ ವಹಿಸಬೇಕು. ಇವು ಒಬ್ಬರೇ ಮಾಡಬಹುದಾದ ಕೆಲಸಗಳು.

5. ಜ್ವರ ಮುಚ್ಚಿಟ್ಟು ಬಂದವರ ವಿಷಯದಲ್ಲಿ ದಾಕ್ಷಿಣ್ಯ ಸಲ್ಲದು. ಕೂಡಲೇ ಮನೆಗೆ ಕಳುಹಿಸಿ, ಆಶಾ ಕಾರ್ಯಕರ್ತೆಗೆ ತಿಳಿಸಬೇಕು. ಊಟ, ಔಷಧಿಯ ವಿಚಾರಣೆಯನ್ನೂ ಮಾಡಬೇಕು.

ಇಷ್ಟೆಲ್ಲ ಹೇಳುವ ಗದ್ದೆಯ ಯಜಮಾನರೇ ಮಾಸ್ಕನ್ನು ಗಲ್ಲಕ್ಕಿಳಿಸಿಕೊಂಡರೆ, ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದಾಗುತ್ತದೆ.

ಕೊರೋನದ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಸಾರಿತು. ಆದರೂ ಅಂಟುರೋಗಗಳು ಮತ್ತೆ ಬರುವುದಿಲ್ಲವೆಂದು ತಿಳಿಯಬಾರದು. ರೋಗ ಊರಿಗೆ ಬಂದ ಮೇಲೆ ನಿಯಮ ಮಾಡಹೊರಟರೆ ಅದು ಒಬ್ಬರ ಮೇಲೆ ಬೆರಳು ತೋರಿಸಿದಂತೆ ಕಾಣುತ್ತದೆ. ಯಾರಿಗೂ ಕಾಯಿಲೆಯಿಲ್ಲದಾಗ ಮಾಡಿಕೊಂಡ ನಿಯಮಕ್ಕೆ ಎಲ್ಲರೂ ಬದ್ಧರಾಗುತ್ತಾರೆ. ಮುಂದಿನ ಹಂಗಾಮಿಗೆ ಮುಯ್ಯಾಳುಗಳ ಸರದಿ ಗೊತ್ತುಮಾಡುವಾಗಲೇ ರೈತರು ಈ ಮಾತನ್ನೂ ಆಡಿ ಮುಗಿಸುವುದು ಉತ್ತಮ.